ಅಗ್ರಿಮೆಂಟ್ ಮುಗಿದು ಮೂರೂವರೆ ವರ್ಷ, ಈಗ ಮನೆ ಬಿಡಬೇಕು. ಎಷ್ಟು ದಿನದ ನೋಟಿಸ್? ಕೀ ಯಾವಾಗ ಕೊಡಬೇಕು?

ಮೊದಲ ಮಹಡಿ · ಡಿಸೆಂಬರ್ 6, 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಬೆಂಗಳೂರಿನ ಮತ್ತಿಕೆರೆಯಲ್ಲಿ ಬಾಡಿಗೆಗೆ ಇದ್ದೇವೆ. ನಾನು, ಹೆಂಡತಿ, ನಾಲ್ಕು ವರ್ಷದ ಮಗಳು. ಕೆಳಗಡೆ ಓನರ್ ಅಂಕಲ್, ಆಂಟಿ. 2021ರ ಜೂನ್ 1ರಿಂದ 11 ತಿಂಗಳಿಗೆ ಅಗ್ರಿಮೆಂಟ್ ಆಗಿತ್ತು. ಬಾಡಿಗೆ 18,000. ಅಡ್ವಾನ್ಸ್ ಹತ್ತು ತಿಂಗಳದ್ದು, 1,80,000. 2022ರ ಏಪ್ರಿಲ್‌ಗೆ ಅದು ಮುಗಿಯಿತು. ಆಮೇಲೆ ಹೊಸದು ಮಾಡಿಸಲು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ವರ್ಷಕ್ಕೊಮ್ಮೆ ಅಂಕಲ್ ಮೆಟ್ಟಿಲ ಹತ್ತಿರ ನಿಲ್ಲಿಸಿ "ಈ ಸಲ ಒಂದು ಸಾವಿರ ಸೇರಿಸಿ ಕೊಡಿ" ಎನ್ನುತ್ತಿದ್ದರು, ಕೊಡುತ್ತಿದ್ದೆವು. ಹಾಗೇ ಏರಿ ಏರಿ ಈಗ 22,000 ಆಗಿದೆ. ಪ್ರತಿ ತಿಂಗಳು 5ರೊಳಗೆ ಯುಪಿಐ ಮಾಡುತ್ತೇನೆ, ಒಂದು ತಿಂಗಳೂ ತಪ್ಪಿಲ್ಲ.

ನನ್ನ ಆಫೀಸು ವೈಟ್‌ಫೀಲ್ಡ್ ಕಡೆ ಹೋಯಿತು. ಹೂಡಿಯಲ್ಲಿ ಮನೆ ಸಿಕ್ಕಿದೆ. 16ಕ್ಕೆ ಧನುರ್ಮಾಸ ಶುರು ಅಂತ ಅಮ್ಮನ ಒತ್ತಾಯ, ಅದಕ್ಕೆ 12ನೇ ತಾರೀಕು ಶುಕ್ರವಾರವೇ ಹಾಲು ಉಕ್ಕಿಸಿಬಿಡುತ್ತೇವೆ. ಸಾಮಾನು ಸಾಗಿಸುವುದು ಕೊನೆಯ ವಾರ. 31ಕ್ಕೆ ಹಳೆ ಮನೆ ಖಾಲಿ.

ನಿನ್ನೆ ಬಾಯಿಮಾತಲ್ಲಿ ಹೇಳಿದೆ. ಅಂಕಲ್ ಮುಖ ಸಪ್ಪಗಾಯಿತು. "ಅಗ್ರಿಮೆಂಟ್‌ನಲ್ಲಿ ಎರಡು ತಿಂಗಳ ನೋಟಿಸ್ ಅಂತಿದೆ, ಜನವರಿ ಬಾಡಿಗೇನೂ ಕೊಡಬೇಕು" ಎಂದರು. ಸಂಕ್ರಾಂತಿವರೆಗೆ ಯಾರೂ ಮನೆ ನೋಡಲು ಬರುವುದಿಲ್ಲವಂತೆ, ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಅದರಲ್ಲಿ ನಮ್ಮದನ್ನು ಕೊಡುತ್ತಾರಂತೆ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರಂತೆ, ಅದೂ 22,000.

ಜಗಳ ಬೇಡ. ಮಗಳು ಅವರ ಮನೆಯಲ್ಲೇ ಆಡಿ ಬೆಳೆದವಳು. ಆದರೆ 1,80,000 ಸಣ್ಣ ಮೊತ್ತ ಅಲ್ಲ ಅಲ್ವಾ? ದುಡ್ಡು ಕೈಗೆ ಬರುವವರೆಗೆ ಕೀ ಇಟ್ಟುಕೊಳ್ಳಬಹುದಾ? ಆಫೀಸಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ.

ಬನಶಂಕರಿ ಬಸ್ · ಡಿಸೆಂಬರ್ 6

ಕೀ ಕೊಡಲೇಬೇಡಿ ಗುರು. ಒಂದು ಸಲ ಕೀ ಹೋದರೆ ಅಡ್ವಾನ್ಸ್ ಹೋಯಿತು ಅಂತಲೇ ಲೆಕ್ಕ. ಕೊನೆಯ ಬಾಡಿಗೆಗಳನ್ನೂ ಕೊಡದೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಎಂದು ಹೇಳಬೇಕಿತ್ತು. ನಾನು ಮೂರು ಮನೆಯಲ್ಲೂ ಹಾಗೇ ಮಾಡಿದ್ದು.

ಹುಬ್ಬಳ್ಳಿ ಮಂದಿ · ಡಿಸೆಂಬರ್ 6

ಅಣ್ಣಾರ, ನಮ್ಮ ಕಡೆ ಎರಡ ತಿಂಗಳ ಡಿಪಾಜಿಟ್ ಅಂದ್ರನ ಜಾಸ್ತಿ ಆತು ಅಂತಾರ. ಹತ್ತ ತಿಂಗಳದ್ದು ಇಸ್ಕೊಂಡಾರಂದ್ರ ಅವ್ರು ಮನಿ ಬಾಡಿಗಿಗೆ ಕೊಟ್ಟಾರೊ, ನಿಮ್ಮ ಕಡೆ ಸಾಲ ತಗೊಂಡಾರೊ?

ರಿಟೈರ್ಡ್ ಮೇಷ್ಟ್ರು · ಡಿಸೆಂಬರ್ 6

ಬನಶಂಕರಿಯವರೇ, ಕೀ ಇಟ್ಟುಕೊಳ್ಳಿ ಎಂದು ಸುಲಭವಾಗಿ ಹೇಳಿಬಿಟ್ಟಿರಿ. ಓನರ್ ಕಡೆಯ ಕಥೆಯನ್ನೂ ಸ್ವಲ್ಪ ಕೇಳಿ.

ದಾವಣಗೆರೆಯಲ್ಲಿ ನಮ್ಮದೊಂದು ಮನೆ ಇದೆ. ಪಿಂಚಣಿ ಬಿಟ್ಟರೆ ಆ ಬಾಡಿಗೆಯೇ ನಮಗೆ ಆಧಾರ. ಹಿಂದೆ ಇದ್ದವರು ಒಂದು ರಾತ್ರಿ "ಖಾಲಿ ಮಾಡಿದ್ದೇವೆ ಸರ್" ಎಂದು ವಾಟ್ಸಾಪ್ ಕಳಿಸಿದರು. ಹೋಗಿ ನೋಡಿದರೆ ಬಾಗಿಲಿಗೆ ಅವರದೇ ಬೀಗ. ಕಿಟಕಿಯಿಂದ ನೋಡಿದರೆ ಒಂದು ಬೀರು, ಎರಡು ಸೂಟ್‌ಕೇಸ್, ಒಂದು ಹಳೆ ಹಾಸಿಗೆ ಒಳಗೇ ಇವೆ. ಫೋನ್ ಮಾಡಿದರೆ "ಬರ್ತೀನಿ ಸರ್, ಮುಂದಿನ ವಾರ". ಠಾಣೆಗೆ ಹೋದೆ. ಇದು ಸಿವಿಲ್ ವಿಷಯ, ಬೀಗ ಒಡೆದರೆ ನಾಳೆ ನಿಮ್ಮ ಮೇಲೇ ದೂರು ಬರುತ್ತದೆ ಎಂದರು. ಆ ಸೂಟ್‌ಕೇಸ್‌ನಲ್ಲಿ ಚಿನ್ನ ಇತ್ತು ಎಂದುಬಿಟ್ಟರೆ ನಾನೇನು ಮಾಡಲಿ? ನಾಲ್ಕು ತಿಂಗಳು ಮನೆ ಹಾಗೇ ನಿಂತಿತು. ಬಾಡಿಗೆಯೂ ಇಲ್ಲ, ಮನೆಯೂ ಇಲ್ಲ.

ಮನೆ ಖಾಲಿ ಆಗುವುದು ಬೇರೆ, ಮನೆ ನನ್ನ ಕೈಗೆ ಬರುವುದು ಬೇರೆ. ಅವತ್ತು ಅರ್ಥವಾಯಿತು.

ಕೋರ್ಟ್ ಹಾಲ್ ಕಾಫಿ · ಡಿಸೆಂಬರ್ 7

ವಕೀಲಿ ಮಾಡುತ್ತೇನೆ, ಬಾಡಿಗೆ ಕೇಸುಗಳೇ ಜಾಸ್ತಿ. ಮೇಷ್ಟ್ರ ಕೊನೆಯ ಮಾತೇ ಇಲ್ಲಿಯ ಮುಖ್ಯ ವಿಷಯ, ಅದಕ್ಕೆ ಬರುತ್ತೇನೆ.

ಅಗ್ರಿಮೆಂಟ್ ಮುಗಿದ ಮೇಲೂ ನೀವು ಮನೆಯಲ್ಲಿ ಇದ್ದಿರಿ, ಅವರು ಬಾಡಿಗೆ ತೆಗೆದುಕೊಂಡರು. ಆಗ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆ 1882ರ 116ನೇ ಕಲಂ ಹೇಳುವುದು ಇದನ್ನೇ. ಅದನ್ನು ಮುಗಿಸುವ ದಾರಿ 106ನೇ ಕಲಂನಲ್ಲಿದೆ. ಓನರ್ ಆಗಲಿ, ಬಾಡಿಗೆದಾರ ಆಗಲಿ, 15 ದಿನದ ನೋಟಿಸ್ ಕೊಡಬೇಕು. ಬರಹದಲ್ಲಿ ಇರಬೇಕು, ಸಹಿ ಇರಬೇಕು. ಮೆಟ್ಟಿಲ ಹತ್ತಿರ ಹೇಳಿದ ಮಾತು ನೋಟಿಸ್ ಅಲ್ಲ. ದಿನ ಎಣಿಸುವುದು ಅದು ಅವರ ಕೈ ಸೇರಿದ ದಿನದಿಂದ, ನೀವು ಬರೆದ ದಿನದಿಂದ ಅಲ್ಲ. ಅಂಚೆಯಲ್ಲಿ ಕಳಿಸಬಹುದು, ಕೈಗೇ ಕೊಡಬಹುದು, ಮನೆಯವರ ಕೈಗೂ ಕೊಡಬಹುದು.

ಮೊದಲು ಈ ನೋಟಿಸ್ ಸರಿಯಾಗಿ ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಮುಗಿಯಬೇಕಿತ್ತು. ಒಂದು ದಿನ ಆಚೀಚೆ ಆಗಿ ಬಿದ್ದುಹೋದ ಕೇಸುಗಳಿವೆ. 2002ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇಲೆ ಆ ಕಾಟ ತಪ್ಪಿತು. ನಮ್ಮ ಸೀನಿಯರ್‌ಗಳು ಈಗಲೂ ಹಳೆ ಅಭ್ಯಾಸದಲ್ಲಿ ತಿಂಗಳ ಕೊನೆಯನ್ನೇ ಬರೆಸುತ್ತಾರೆ. ನಿಮ್ಮದು ಹೇಗೂ 31 ಅಲ್ವಾ, ಹಾಗೇ ಬರೆಯಿರಿ.

ಇನ್ನು ಅಂಕಲ್ ಹೇಳುವ ಎರಡು ತಿಂಗಳು. 106ನೇ ಕಲಂ ಶುರುವಾಗುವುದೇ "ಬೇರೆ ಒಪ್ಪಂದ ಇಲ್ಲದಿದ್ದರೆ" ಎಂಬ ಅರ್ಥದ ಮಾತಿನಿಂದ. ಹಳೆ ಷರತ್ತುಗಳೇ ಮುಂದುವರಿದಿವೆ ಎಂದು ಅವರು ವಾದಿಸಬಹುದು. ಕಾಗದ ಮುಗಿದಿದೆ, ಬಾಡಿಗೆಯೇ ನಾಲ್ಕು ಸಲ ಬದಲಾಗಿದೆ, 15 ದಿನ ಸಾಕು ಎಂದು ನೀವು ವಾದಿಸಬಹುದು. 22,000ಕ್ಕೆ ಇಬ್ಬರೂ ಕೋರ್ಟ್ ಮೆಟ್ಟಿಲು ಹತ್ತುವುದು ಬೇಕಾ? ಕೂತು ಮಾತಾಡಿ.

ಕೀ ವಿಷಯ. 108ನೇ ಕಲಂ ಪ್ರಕಾರ ಬಾಡಿಗೆ ಮುಗಿದ ಮೇಲೆ ಮನೆಯನ್ನು ಓನರ್ ಸ್ವಾಧೀನಕ್ಕೆ ಕೊಡುವುದು ಬಾಡಿಗೆದಾರನ ಕೆಲಸ. ಸಾಮಾನು ಲಾರಿ ಹತ್ತಿದ ಮಾತ್ರಕ್ಕೆ ಅದು ಮುಗಿಯಲ್ಲ. ಕೀ ನಿಮ್ಮ ಹತ್ತಿರ ಇರುವವರೆಗೆ ಮನೆ ನಿಮ್ಮ ಹತ್ತಿರ ಇದೆ ಎಂದೇ ಅವರು ದಿನದ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೆ. ಅಡ್ವಾನ್ಸ್ ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಮನೆ ಹಿಡಿದಿಟ್ಟುಕೊಳ್ಳುವ ಹಕ್ಕು ತಾನಾಗಿ ಬರುವುದಿಲ್ಲ. ಅಡ್ವಾನ್ಸ್ ವಾಪಸ್ ಕೊಟ್ಟ ದಿನವೇ ಕೀ ಎಂದು ನಿಮ್ಮ ಅಗ್ರಿಮೆಂಟ್‌ನಲ್ಲಿ ಇದ್ದರೆ ಮಾತು ಬೇರೆ. ಆ ಸಾಲು ಇದೆಯಾ ನೋಡಿ ಹೇಳಿ.

ಬನಶಂಕರಿ ಬಸ್ · ಡಿಸೆಂಬರ್ 7

ಸರ್, ಪುಸ್ತಕದ ಮಾತು ಬೇರೆ, ಬೆಂಗಳೂರು ಬೇರೆ. ಕೀ ಕೊಟ್ಟವನು ಆರು ತಿಂಗಳು ಅಲೆಯುತ್ತಾನೆ.

ಕೋರ್ಟ್ ಹಾಲ್ ಕಾಫಿ · ಡಿಸೆಂಬರ್ 7

ಅಲೆಯುತ್ತಾನೆ, ನಿಜ. ಅದಕ್ಕೇ ಕೀಯನ್ನು ಸುಮ್ನೆ ಕೊಡಬೇಡಿ, ಬರೆಸಿಕೊಂಡು ಕೊಡಿ ಎನ್ನುವುದು. ಕೀ ಕೊಡದವನೂ ಅಲೆಯುತ್ತಾನೆ. ಅವನ ಅಡ್ವಾನ್ಸ್ ಕೂತಲ್ಲೇ ಕರಗುತ್ತಾ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಮಲ್ಲಿಗೆ ಬಳ್ಳಿ · ಡಿಸೆಂಬರ್ 7

ಎಲ್ಲರೂ ಕಾನೂನು ಹೇಳುತ್ತಿದ್ದೀರಿ, ನಾನು ಗೃಹಜ್ಯೋತಿ ಹೇಳುತ್ತೇನೆ. ಮನೆ ಬಿಡುವಾಗ ನಿಮ್ಮ ಆಧಾರ್ ಜೊತೆ ಸೇರಿರುವ ಹಳೆ ಮನೆಯ ಅಕೌಂಟ್ ಐಡಿಯನ್ನು ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿ. ಇಲ್ಲದಿದ್ದರೆ ಹೊಸ ಮನೆಗೆ 200 ಯೂನಿಟ್‌ವರೆಗಿನ ಉಚಿತ ಕರೆಂಟ್ ಸಿಗಲ್ಲ. ನಿಮ್ಮ ಹಳೆ ಮನೆಗೆ ಬರುವವರಿಗೂ ತೊಂದರೆ. ನಾವು ಮರೆತು ಎರಡು ತಿಂಗಳು ಬಿಲ್ ಕಟ್ಟಿದೆವು.

ಗ್ಯಾಸ್ ಬುಕ್‌ನ ವಿಳಾಸ ಕೂಡ. ಆಮೇಲೆ ಹಳೆ ಪೊರಕೆ ಹೊಸ ಮನೆಗೆ ಒಯ್ಯಬೇಡಿ, ಇದು ನಮ್ಮತ್ತೆ ಕಾನೂನು 😀

ಮೊದಲ ಮಹಡಿ · ಡಿಸೆಂಬರ್ 7

ಅಗ್ರಿಮೆಂಟ್ ಹುಡುಕಿ ತೆಗೆದೆ. ಮಗಳು ಒಂದು ಪುಟದಲ್ಲಿ ಆನೆ ಬರೆದಿದ್ದಾಳೆ. ಎರಡು ತಿಂಗಳ ನೋಟಿಸ್ ಎಂದು ಇದೆ. ಅಡ್ವಾನ್ಸ್ ಬಗ್ಗೆ "ಮನೆ ಖಾಲಿ ಮಾಡುವಾಗ ಬಡ್ಡಿ ಇಲ್ಲದೆ ವಾಪಸ್ ಕೊಡತಕ್ಕದ್ದು" ಎಂದಿದೆ. ಪೇಂಟಿಂಗ್‌ಗೆ "ಒಂದು ತಿಂಗಳ ಬಾಡಿಗೆ" ಎಂದಷ್ಟೇ ಇದೆ, ಯಾವ ಬಾಡಿಗೆ ಅಂತ ಇಲ್ಲ.

ಇನ್ನೊಂದು ಪ್ರಶ್ನೆ. ಎರಡು ಫ್ಯಾನ್, ಕಿಟಕಿಗಳ ಸೊಳ್ಳೆ ಮೆಶ್, ಟಿವಿ ಸ್ಟ್ಯಾಂಡ್ ನಾವು ಹಾಕಿಸಿದ್ದು. ತೆಗೆದುಕೊಂಡು ಹೋಗಬಹುದಾ?

ಕೋರ್ಟ್ ಹಾಲ್ ಕಾಫಿ · ಡಿಸೆಂಬರ್ 7

ಹೋಗಬಹುದು. ಆದರೆ ಮನೆ ನಿಮ್ಮ ಕೈಯಲ್ಲಿ ಇರುವಾಗಲೇ ಬಿಚ್ಚಬೇಕು. ಸ್ವಾಧೀನ ಕೊಟ್ಟ ಮೇಲೆ "ಫ್ಯಾನ್ ಮರೆತೆ" ಎಂದರೆ ಕೇಳುವವರಿಲ್ಲ. ಬಿಚ್ಚಿದ ಜಾಗದ ತೂತು ಮುಚ್ಚಿಸಿ, ಮನೆ ಮೊದಲಿದ್ದ ಹಾಗೆ ಮಾಡಿ ಕೊಡಬೇಕು. ಬಳಸಿ ಬಳಸಿ ಸವೆದದ್ದು ನಿಮ್ಮ ತಲೆಗೆ ಬರಲ್ಲ. ನಾಲ್ಕೂವರೆ ವರ್ಷದಲ್ಲಿ ಗೋಡೆ ಬಣ್ಣ ಮಾಸುತ್ತದೆ. ಪೇಂಟಿಂಗ್ ದುಡ್ಡು ಕೊಡಬೇಕಾಗಿರುವುದು ನೀವು ಅದಕ್ಕೆ ಸಹಿ ಹಾಕಿದ್ದೀರಿ ಎಂಬ ಕಾರಣಕ್ಕೆ.

"ಖಾಲಿ ಮಾಡುವಾಗ" ಎಂಬ ಪದ ನಿಮ್ಮ ಪರ ಇದೆ. ಹೊಸ ಬಾಡಿಗೆದಾರ ಬಂದಾಗ ಎಂದು ಎಲ್ಲೂ ಬರೆದಿಲ್ಲವಲ್ಲ. ನಾಳೆಯೇ ನೋಟಿಸ್ ಕೊಡಿ. ಕೈಗೆ ಒಂದು ಪ್ರತಿ ಕೊಟ್ಟು ಇನ್ನೊಂದರ ಮೇಲೆ ಸಹಿ ಕೇಳಿ. ಹಿಂಜರಿದರೆ ಬಲವಂತ ಬೇಡ, ಅಂಚೆಯಲ್ಲಿ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ ಈ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಕೌಂಟರ್‌ನಲ್ಲಿ ತಲುಪಿದ್ದಕ್ಕೆ ದಾಖಲೆ ಬೇಕು ಎಂದು ಕೇಳಿ, ರಸೀದಿ ಜೋಪಾನ. ಇಷ್ಟು ಬರೆದರೆ ಸಾಕು:

"ತಮ್ಮ ಮನೆಯ ಮೊದಲ ಮಹಡಿಯಲ್ಲಿ ತಿಂಗಳ ಬಾಡಿಗೆಗೆ ಇದ್ದೇನೆ. 31-12-2025ಕ್ಕೆ ಬಾಡಿಗೆ ಮುಗಿಸಿ, ಅಂದು ಮನೆಯ ಖಾಲಿ ಸ್ವಾಧೀನವನ್ನು ಎಲ್ಲ ಕೀಗಳ ಸಮೇತ ತಮಗೆ ಒಪ್ಪಿಸುತ್ತೇನೆ. ಅದೇ ದಿನ ಮುಂಗಡ ರೂ. 1,80,000ದ ಲೆಕ್ಕ ಮಾಡಿ ಉಳಿದದ್ದನ್ನು ವಾಪಸ್ ಕೊಡಬೇಕಾಗಿ ಕೋರುತ್ತೇನೆ."

ಕಾಯ್ದೆ, ಕಲಂ ಎಂದೆಲ್ಲ ತುಂಬಬೇಡಿ. ಕೆಳಗಿನ ಮನೆಯವರಿಗೆ ಕೊಡುವ ಪತ್ರ ಅದು.

ರೆಡಿಂಗ್ ಮಳೆ · ಡಿಸೆಂಬರ್ 8

ಇಂಗ್ಲೆಂಡ್‌ನಿಂದ. ಇಲ್ಲಿ ನಾನು ಬಾಡಿಗೆದಾರ, ಬೆಂಗಳೂರಲ್ಲಿ ಓನರ್. ಎರಡೂ ಕಡೆ ಬೈಗುಳ ತಿಂದಿದ್ದೇನೆ.

ಇಲ್ಲಿ ಡೆಪಾಸಿಟ್ ಓನರ್ ಜೇಬಿಗೆ ಹೋಗಿ ಕೂರುವುದಿಲ್ಲ. ಸರ್ಕಾರ ಒಪ್ಪಿದ ಒಂದು ರಕ್ಷಣಾ ಯೋಜನೆಯಲ್ಲಿ 30 ದಿನದೊಳಗೆ ನೋಂದಾಯಿಸಬೇಕು. ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಬರುವ 2026ರ ಮೇ 1ರಿಂದ ಇಂಥ ಬಾಡಿಗೆಗಳೆಲ್ಲ ಅವಧಿ ಇಲ್ಲದೆ, ತಿಂಗಳಿಂದ ತಿಂಗಳಿಗೆ ನಡೆಯುವಂಥವೇ ಆಗುತ್ತವೆ. ಬಿಡಬೇಕಾದರೆ ನಾವು ಎರಡು ತಿಂಗಳ ನೋಟಿಸ್ ಕೊಡಬೇಕು. ಕಾರಣ ಹೇಳದೆ ಓನರ್ ಬಿಡಿಸುವುದಂತೂ ಆಗ ನಿಲ್ಲುತ್ತದೆ.

ನಮ್ಮಲ್ಲಿ 2021ರ ಮಾದರಿ ಬಾಡಿಗೆ ಕಾಯ್ದೆ ಮನೆಗೆ ಎರಡು ತಿಂಗಳ ಡೆಪಾಸಿಟ್ ಸಾಕು ಎನ್ನುತ್ತದೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ.

ಮೊದಲ ಮಹಡಿ · ಡಿಸೆಂಬರ್ 10

ನೋಟಿಸ್ ಕೊಟ್ಟೆ. ಅಂಕಲ್ ಓದಿ "ಏನಪ್ಪಾ, ಇಷ್ಟು ವರ್ಷ ಇದ್ದು ಲೆಟರ್ ಕೊಡ್ತೀಯಾ?" ಎಂದರು. ಸಹಿ ಹಾಕಲಿಲ್ಲ. ಸ್ಪೀಡ್ ಪೋಸ್ಟ್ ಮಾಡಿದ್ದೂ ಇವತ್ತು ತಲುಪಿದೆ. ಅಂಚೆಯವರು ಬಂದಾಗ ನಾನು ಮೇಲಿನಿಂದ ನೋಡುತ್ತಿದ್ದೆ. ಯಾಕೋ ಕಳ್ಳತನ ಮಾಡಿದ ಹಾಗೆ ಅನ್ನಿಸಿತು.

ರಿಟೈರ್ಡ್ ಮೇಷ್ಟ್ರು · ಡಿಸೆಂಬರ್ 10

ಅನ್ನಿಸುತ್ತದೆ. ಒಂದು ಕೆಲಸ ಮಾಡಿ. ಸಂಜೆ ಕಾಫಿ ಹೊತ್ತಿಗೆ ಕೆಳಗೆ ಹೋಗಿ ಕೂತುಕೊಳ್ಳಿ. ನನ್ನ ಅನುಭವ ಹೇಳುತ್ತೇನೆ, ನಿಮ್ಮ ಅಡ್ವಾನ್ಸ್ ಅವರ ಬ್ಯಾಂಕಿನಲ್ಲಿ ಇಲ್ಲ. ಎಲ್ಲೋ ಖರ್ಚಾಗಿದೆ. ಓನರ್ "ಎರಡು ತಿಂಗಳ ನೋಟಿಸ್" ಎಂದು ಗಟ್ಟಿಯಾಗಿ ಹೇಳಿದರೆ ಅದು ಬಹಳ ಸಲ "ಎರಡು ತಿಂಗಳು ಟೈಮ್ ಕೊಡು" ಎಂದೇ ಅರ್ಥ. ನಾನೂ ಒಮ್ಮೆ ಹಾಗೇ ಹೇಳಿದ್ದೆ. ನಾಚಿಕೆ ನೋಡಿ, ಸಾಲ ಕೇಳುವ ಹಾಗೆ ಕೇಳಲು ಆಗಲ್ಲ.

ತುಮಕೂರು ರೋಡ್ · ಡಿಸೆಂಬರ್ 11

ನಮ್ಮದು ಭೋಗ್ಯ. 8 ಲಕ್ಷ ಕೊಟ್ಟು ಕೂತಿದ್ದೇವೆ. ಅವಧಿ ಮುಗಿದು ಏಳು ತಿಂಗಳು, ಓನರ್ ಹತ್ತಿರ ದುಡ್ಡಿಲ್ಲ. ಮೇಲಿನ ಲೆಕ್ಕದಲ್ಲಿ ನಾವೂ ಕೀ ಕೊಟ್ಟು ಹೋಗಬೇಕಾ?

ಕೋರ್ಟ್ ಹಾಲ್ ಕಾಫಿ · ಡಿಸೆಂಬರ್ 11

ನಿಮ್ಮದು ಬೇರೆ ಕಥೆ. ಅದನ್ನು ಇದರ ಜೊತೆ ಕಲಸಬೇಡಿ. ಕಾಗದ ನೋಡದೆ ಒಂದು ಮಾತೂ ಹೇಳಲ್ಲ. ನೋಂದಣಿ ಆಗಿದೆಯಾ, ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ, ಅದನ್ನು ಮೊದಲು ನೋಡಿ. ಕೀ ಕೊಡುವ ಮುಂಚೆ ಒಬ್ಬ ವಕೀಲರ ಹತ್ತಿರ ಹೋಗಿ. ಫೀಸು ಕಷ್ಟ ಎಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ನೆರವು ಸಿಗುತ್ತದೆ. ಕೇಸ್ ಹಾಕುವ ಮುಂಚೆಯೇ ಇಬ್ಬರನ್ನೂ ಕೂರಿಸಿ ಮಾತಾಡಿಸುವ ವ್ಯವಸ್ಥೆಯೂ ಇದೆ.

ಕನಕಪುರ ಗೇಟ್ · ಡಿಸೆಂಬರ್ 12

1999ರ ಬಾಡಿಗೆ ಕಾಯ್ದೆಯಲ್ಲಿ ಬಾಡಿಗೆದಾರನಿಗೆ ಎಷ್ಟೋ ರಕ್ಷಣೆ ಇದೆಯಲ್ಲ, ಅದನ್ನು ಯಾರೂ ಹೇಳಲಿಲ್ಲ?

ಕೋರ್ಟ್ ಹಾಲ್ ಕಾಫಿ · ಡಿಸೆಂಬರ್ 12

ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ದಾಟಿದ ವಾಸದ ಮನೆಗೆ ಆ ಕಾಯ್ದೆ ಅನ್ವಯಿಸಲ್ಲ. ಸಣ್ಣ ಊರುಗಳಲ್ಲಿ ಆ ಮಿತಿ 2,000. ಈಗ ಮತ್ತಿಕೆರೆಯಲ್ಲಿ 3,500ಕ್ಕೆ ಬೈಕ್ ನಿಲ್ಲಿಸುವ ಜಾಗ ಸಿಕ್ಕರೆ ಹೇಳಿ, ನಾನೇ ಬರುತ್ತೇನೆ. ಅದಕ್ಕೇ 1882ರ ಕಾಯ್ದೆ ಹಿಡಿದುಕೊಂಡು ಕೂತಿದ್ದೇವೆ.

ಹಾಗೆಂದು ಓನರ್ ಬೀಗ ಹಾಕಿ ಹೊರಗೆ ನಿಲ್ಲಿಸುವ ಹಾಗಿಲ್ಲ. ಕಾನೂನು ಬಿಟ್ಟು ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ.

ಬಾಡಿಗೆ 50,000 ದಾಟಿದವರು ಇದನ್ನು ಓದುತ್ತಿದ್ದರೆ ಒಂದು ಮಾತು. ವರ್ಷದ ನಡುವೆ ಮನೆ ಬಿಟ್ಟರೆ 2% ಟಿಡಿಎಸ್ (ಬಾಡಿಗೆಯಲ್ಲಿ ಮುರಿದುಕೊಂಡು ನೀವೇ ಕಟ್ಟಬೇಕಾದ ಆದಾಯ ತೆರಿಗೆ) ಅನ್ನು ಕೊನೆಯ ತಿಂಗಳ ಬಾಡಿಗೆಯಲ್ಲೇ ಹಿಡಿಯಬೇಕು. ಮಾರ್ಚ್‌ವರೆಗೆ ಕಾದರೆ ಹಿಡಿಯಲು ಬಾಡಿಗೆಯೇ ಇರಲ್ಲ.

ಮೊದಲ ಮಹಡಿ · ಡಿಸೆಂಬರ್ 21

ಮೇಷ್ಟ್ರೇ, ನೀವು ಹೇಳಿದ್ದು ಅಕ್ಷರ ಅಕ್ಷರ ನಿಜ.

ಕಾಫಿಗೆ ಹೋಗಿದ್ದೆ. ಅರ್ಧ ಗಂಟೆ ಕ್ರಿಕೆಟ್ ಮಾತಾಡಿದ ಮೇಲೆ ಆಂಟಿಯೇ ಬಾಯಿಬಿಟ್ಟರು. ನಮ್ಮ ಅಡ್ವಾನ್ಸ್ ಅವರ ಮಗನ ಕಾಲೇಜು ಫೀಸಿಗೆ ಹೋಗಿದೆ. ಅಂಕಲ್ ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಒಂದು ಲಕ್ಷ 31ಕ್ಕೆ ಕೊಡಬಹುದು, ಉಳಿದದ್ದು ಜನವರಿ 20ಕ್ಕೆ, ಎಫ್‌ಡಿ ಬರುತ್ತದೆ ಎಂದರು. ಜನವರಿ ಬಾಡಿಗೆ ಮಾತು ಅಲ್ಲಿಗೇ ಬಿಟ್ಟರು.

ಪೇಂಟಿಂಗ್‌ಗೆ ನಾನು 18,000 ಎಂದೆ, ಅಂಕಲ್ 22,000 ಎಂದರು. ಆಂಟಿ "ನಿಂದೂ ಬೇಡ, ಇವರದ್ದೂ ಬೇಡ, 20 ಮಾಡಿ" ಎಂದು ಒಳಗೆ ಎದ್ದು ಹೋದರು. ಅಲ್ಲಿಗೆ ನನಗೆ ಬರಬೇಕಾದ್ದು 1,60,000. ಆದರೆ 60,000 ಬಾಕಿ ಇಟ್ಟು ಕೀ ಕೊಡುವುದಾ?

ಕೋರ್ಟ್ ಹಾಲ್ ಕಾಫಿ · ಡಿಸೆಂಬರ್ 21

ಕೊಡಿ. 60,000ಕ್ಕೆ ಜನವರಿ 20ರ ತಾರೀಕಿನ ಚೆಕ್ ತೆಗೆದುಕೊಳ್ಳಿ. ಅದು ಯಾವ ಬಾಬ್ತು ಎಂದು ಕೀ ಒಪ್ಪಿಸಿದ ಪತ್ರದಲ್ಲಿ ಚೆಕ್ ನಂಬರ್ ಸಮೇತ ಬರೆಯಿರಿ. ದುಡ್ಡಿಲ್ಲದೆ ಚೆಕ್ ವಾಪಸ್ ಬಂದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು, ಚೆಕ್‌ಗಳಿಗೆ ಅನ್ವಯಿಸುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. ಅದು ಬೇಕಾಗಲ್ಲ ಅಂದುಕೊಳ್ಳೋಣ.

ಪತ್ರದಲ್ಲಿ ಏನಿರಬೇಕು ಅಂದರೆ: ತಾರೀಕು, ಹೊತ್ತು, ಎಷ್ಟು ಕೀ, ಕರೆಂಟ್ ಮೀಟರ್ ಎಷ್ಟು ತೋರಿಸುತ್ತಿದೆ, ನೀರಿನ ಬಿಲ್ ಎಲ್ಲಿವರೆಗೆ ಕಟ್ಟಿದೆ, ನಮ್ಮ ಯಾವ ಸಾಮಾನೂ ಒಳಗೆ ಉಳಿದಿಲ್ಲ, ಖಾಲಿ ಸ್ವಾಧೀನ ಪಡೆದಿದ್ದೇವೆ ಎಂದು ಅವರ ಸಹಿ. ಎರಡು ಪ್ರತಿ. ಸಹಿಗೆ ಮುಂಚೆ ಮನೆಯೆಲ್ಲ ಒಟ್ಟಿಗೆ ಸುತ್ತಿ ಫೋನಲ್ಲಿ ವಿಡಿಯೊ ಮಾಡಿ. ಬಾತ್‌ರೂಮಿನ ನಲ್ಲಿ, ಗೀಸರ್ ಎಲ್ಲ ಆನ್ ಮಾಡಿ ತೋರಿಸಿ. ಜಗಳ ಬರುವುದು ಯಾವಾಗಲೂ ಗೀಸರ್ ಹತ್ತಿರವೇ.

ಬನಶಂಕರಿ ಬಸ್ · ಡಿಸೆಂಬರ್ 21

ನಾನಾಗಿದ್ದರೆ ಕೊಡುತ್ತಿರಲಿಲ್ಲ. ಆದರೆ ಕಾಫಿ ಕೊಡುವ ಓನರ್ ನನಗೆ ಯಾವತ್ತೂ ಸಿಕ್ಕಿಲ್ಲ, ಅದೂ ಇದೆ.

ಮೊದಲ ಮಹಡಿ · ಡಿಸೆಂಬರ್ 31, ರಾತ್ರಿ

ಆಯಿತು. ಬೆಳಗ್ಗೆ ಟೆಂಪೊ ಕೊನೆಯ ಟ್ರಿಪ್ ಹೋಯಿತು. ಫ್ಯಾನ್ ಬಿಚ್ಚಿದೆ, ತೂತಿಗೆ ಪುಟ್ಟಿ ಹಾಕಿಸಿದೆ. ಮೆಶ್ ಬಿಟ್ಟುಬಂದೆ, ಹೊಸ ಮನೆಯ ಕಿಟಕಿ ಅಳತೆಯೇ ಬೇರೆ. ನಾಲ್ಕು ಗಂಟೆಗೆ ಅಂಕಲ್ ಜೊತೆ ಮನೆ ಸುತ್ತಿದೆವು. ಗೀಸರ್ ಆನ್ ಆಯಿತು, ದೇವರು ದೊಡ್ಡವನು. ಮೂರು ಕೀ, ಒಂದು ಗೇಟ್ ಕೀ, ಒಂದು ಟೆರೇಸ್ ಕೀ. ಒಂದು ಲಕ್ಷ ಅಲ್ಲೇ ಕೂತು ಎನ್‌ಇಎಫ್‌ಟಿ ಮಾಡಿದರು, ಚೆಕ್ ಕೊಟ್ಟರು. ಪತ್ರಕ್ಕೆ ಈ ಸಲ ಅಂಕಲ್ ಕನ್ನಡಕ ಹಾಕಿಕೊಂಡು ಮೂರು ಸಲ ಓದಿ ಸಹಿ ಹಾಕಿದರು.

ಹೊರಡುವಾಗ ಆಂಟಿ ಹೆಂಡತಿಗೆ ಅರಿಶಿನ ಕುಂಕುಮ ಕೊಟ್ಟು, ಮಗಳ ಕೈಗೆ ನೂರು ರೂಪಾಯಿ ಇಟ್ಟರು. ಅದನ್ನು ಯಾವ ಲೆಕ್ಕಕ್ಕೂ ಹಿಡಿದಿಲ್ಲ.

ಮಲ್ಲಿಗೆ ಬಳ್ಳಿ · ಡಿಸೆಂಬರ್ 31

ಗೃಹಜ್ಯೋತಿ??

ಮೊದಲ ಮಹಡಿ · ಜನವರಿ 21, 2026

ಗೃಹಜ್ಯೋತಿ ನಮ್ಮ ಕಡೆಯಿಂದ ಡಿ-ಲಿಂಕ್ ಮಾಡಿಸಿದೆ ಅಕ್ಕ. ಆದರೆ ಹೂಡಿ ಮನೆಯಲ್ಲಿ ಹಿಂದೆ ಇದ್ದವರು ಮಾಡಿಸಿಲ್ಲ! ಅವರನ್ನು ಹುಡುಕುತ್ತಿದ್ದೇವೆ.

ಚೆಕ್ ಇವತ್ತು ಪಾಸ್ ಆಯಿತು. ಡಿಸೆಂಬರ್ ನೀರಿನ ಬಿಲ್‌ನಲ್ಲಿ ನಮ್ಮ ಪಾಲು ಕಳಿಸಿದೆ. ಮತ್ತಿಕೆರೆ ಮನೆಗೆ ಸಂಕ್ರಾಂತಿ ಆದ ಮೂರನೇ ದಿನಕ್ಕೇ ಜನ ಬಂದರಂತೆ, ಬಾಡಿಗೆ 26,000.

ಆಂಟಿ ನಿನ್ನೆ ಫೋನ್ ಮಾಡಿದ್ದರು. ಟೆರೇಸ್ ಮೇಲೆ ನೀರಿನ ಟ್ಯಾಂಕ್ ಹಿಂದೆ ಮಗಳ ಮೂರು ಚಕ್ರದ ಸೈಕಲ್ ಉಳಿದಿದೆಯಂತೆ. ಭಾನುವಾರ ಹೋಗಿ ತರಬೇಕು.

ಕೋರ್ಟ್ ಹಾಲ್ ಕಾಫಿ · ಜನವರಿ 21

"ಯಾವ ಸಾಮಾನೂ ಉಳಿದಿಲ್ಲ" ಎಂದು ಬರೆದುಕೊಟ್ಟಿದ್ದೀರಲ್ಲ ಸರ್. ಕಾಫಿ ಕುಡಿದು, ಕೇಳಿ ತೆಗೆದುಕೊಳ್ಳಿ.